ಹೊಸೆ ಟೋರೆಸ್: ರಿಂಗಿನಿಂದ ಕಮಿಷನ್ನಿನ ಕುರ್ಚಿಗೆ

1956ರ ಮೆಲ್ಬರ್ನ್ ಒಲಿಂಪಿಕ್ಸ್. ಲೈಟ್ ಮಿಡಲ್‌ವೇಟ್ ಫೈನಲ್‌ನಲ್ಲಿ ಹಂಗೆರಿಯ ಲಾಸ್ಲೊ ಪಾಪ್ ಎದುರಿಗೆ ನಿಂತವನು ಇಪ್ಪತ್ತರ ಹರೆಯದ ಹೊಸೆ ಟೋರೆಸ್. ಊರು ಪೋರ್ಟೊರಿಕೊದ ಪಾನ್ಸೆ, ಆಡಿದ್ದು ಅಮೆರಿಕದ ಪರ. ಪೋರ್ಟೊರಿಕೊ 1948ರಿಂದಲೇ ಒಲಿಂಪಿಕ್ಸ್‌ಗೆ ತನ್ನದೇ ತಂಡ ಕಳಿಸುತ್ತಿತ್ತು, ನಿಜ. ಆದರೆ ಟೋರೆಸ್ ಗ್ಲೌಸ್ ತೊಟ್ಟದ್ದೇ ಅಮೆರಿಕದ ಸೇನೆಗೆ ಸೇರಿದ ಮೇಲೆ. ಪಾಪ್‌ಗೆ ಅದು ಸತತ ಮೂರನೆಯ ಚಿನ್ನ; ಟೋರೆಸ್ ಬೆಳ್ಳಿಗೆ ತೃಪ್ತಿಪಟ್ಟ.

ನ್ಯೂಯಾರ್ಕಿನಲ್ಲಿ ಅವನನ್ನು ಪಳಗಿಸಿದವರು ಕಸ್ ಡಿಅಮಾಟೊ. ಎರಡೂ ಗ್ಲೌಸುಗಳನ್ನು ಕೆನ್ನೆಗೊತ್ತಿ ಮುನ್ನುಗ್ಗುವ ಶೈಲಿ ಅವರದು. ಹಟವೂ ಅಷ್ಟೇ ಬಿಗಿ. ಬಾಕ್ಸಿಂಗ್ ವ್ಯವಹಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಪ್ರವರ್ತಕರ ಜೊತೆ ಅವರಿಗೆ ಸದಾ ಜಗಳ. ಗುರುವಿನ ಜಗಳಕ್ಕೆ ಶಿಷ್ಯ ತೆತ್ತ ಬೆಲೆಯೇನೂ ಕಡಿಮೆಯದಲ್ಲ: 1958ರಲ್ಲಿ ವೃತ್ತಿಪರನಾದವನಿಗೆ ವಿಶ್ವ ಪಟ್ಟದ ಅವಕಾಶ ಸಿಕ್ಕಿದ್ದು ಏಳನೆಯ ವರ್ಷಕ್ಕೆ.

1965ರ ಮಾರ್ಚ್ 30, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಲೈಟ್ ಹೆವಿವೇಟ್ ಚಾಂಪಿಯನ್ ವಿಲ್ಲಿ ಪಾಸ್ಟ್ರಾನೊ ಅಲ್ಲಿಯವರೆಗೆ ವೃತ್ತಿಯಲ್ಲಿ ಒಮ್ಮೆಯೂ ನೆಲಕ್ಕೆ ಬಿದ್ದವನಲ್ಲ. ಆರನೆಯ ಸುತ್ತಿನಲ್ಲಿ ಪಕ್ಕೆಯ ಕೆಳಗೆ ಬಿದ್ದ ಎಡಗೈ ಹೊಡೆತ ಅವನನ್ನು ಕೆಡವಿತು. ಹತ್ತನೆಯ ಸುತ್ತು ನಡೆಯಲೇ ಇಲ್ಲ. ನ್ಯೂಯಾರ್ಕಿನ ಪೋರ್ಟೊರಿಕನ್ನರಿಗೆ ಹಬ್ಬವೋ ಹಬ್ಬ.

1966ರ ಡಿಸೆಂಬರ್‌ನಲ್ಲಿ ನೈಜೀರಿಯಾದ ಡಿಕ್ ಟೈಗರ್ ಪಟ್ಟ ಕಿತ್ತುಕೊಂಡ. ಮರುವರ್ಷದ ಮರುಸೆಣಸಾಟದಲ್ಲೂ ಟೋರೆಸ್ ಸೋತಾಗ ಅವನ ಅಭಿಮಾನಿಗಳು ಗಾರ್ಡನ್‌ನಲ್ಲಿ ಗಲಭೆಯನ್ನೇ ಎಬ್ಬಿಸಿದರು. 1969ರಲ್ಲಿ ರಿಂಗಿಗೆ ವಿದಾಯ. ಆಡಿದ 45 ಸೆಣಸುಗಳಲ್ಲಿ ಸೋಲು ಮೂರೇ.

ಆಮೇಲಿನ ಟೋರೆಸ್ ನನಗೆ ಇನ್ನೂ ಸ್ವಾರಸ್ಯಕರವಾಗಿ ಕಾಣುತ್ತಾರೆ. ನಾರ್ಮನ್ ಮೇಲರ್, ಪೀಟ್ ಹ್ಯಾಮಿಲ್‌ರಂಥ ಬರಹಗಾರರ ಗೆಳೆತನ, ಪತ್ರಿಕೆಗಳಲ್ಲಿ ಅಂಕಣ, ಮಹಮ್ಮದ್ ಅಲಿ ಕುರಿತ ಪುಸ್ತಕ. 1984ರಲ್ಲಿ ನ್ಯೂಯಾರ್ಕ್ ರಾಜ್ಯದ ಅಥ್ಲೆಟಿಕ್ ಕಮಿಷನ್ನಿನ ಅಧ್ಯಕ್ಷಗಿರಿ. ಬಾಕ್ಸರ್‌ಗಳಿಗೆ ಪರವಾನಗಿ ಕೊಡುವ, ಪಂದ್ಯಗಳ ಮೇಲೆ ಕಣ್ಣಿಡುವ ಆ ಹುದ್ದೆಗೆ ಮಾಜಿ ವೃತ್ತಿಪರ ಬಾಕ್ಸರೊಬ್ಬರು ಬಂದದ್ದು ಅದೇ ಮೊದಲು. ಹೊಡೆತದ ಬೆಲೆ ಅವರಿಗೆ ಕಡತ ಓದಿ ತಿಳಿಯಬೇಕಿರಲಿಲ್ಲ. 1959ರಲ್ಲಿ ಅವರೊಡನೆ ಸಮಬಲದಲ್ಲಿ ಹೋರಾಡಿದ ಬೆನ್ನಿ ಪಾರೆಟ್, 1962ರಲ್ಲಿ ಇದೇ ಗಾರ್ಡನ್‌ನ ರಿಂಗಿನಲ್ಲಿ ಪೆಟ್ಟು ತಿಂದು ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದ.

1988ರಲ್ಲಿ ಆ ಕುರ್ಚಿ ಬಿಟ್ಟ ಟೋರೆಸ್, 1990ರಿಂದ 1995ರವರೆಗೆ ವಿಶ್ವ ಬಾಕ್ಸಿಂಗ್ ಆರ್ಗನೈಸೇಷನ್ನಿನ ಅಧ್ಯಕ್ಷರಾಗಿದ್ದರು. ಪಟ್ಟ ಹಂಚುವ ಸಂಸ್ಥೆಗಳ ಸಾಲಿಗೆ ನಾಲ್ಕನೆಯದಾಗಿ ಹುಟ್ಟಿದ್ದು ಅದು. ಅವರು ರಿಂಗಿನಲ್ಲಿದ್ದ ಕಾಲದಲ್ಲಿ ಅಂಥವು ಎರಡೇ ಇದ್ದವು. 1965ರ ಆ ರಾತ್ರಿ ಎರಡರ ಪಟ್ಟವೂ ಅವರಿಗೇ ದಕ್ಕಿತ್ತು.