ಎಣಿಕೆ ಸೆಮಫೋರ್

ಎಣಿಕೆ ಸೆಮಫೋರ್ ಎಂಬುದು ಗಣಕ ಪ್ರೋಗ್ರಾಮಿಂಗ್‌ನಲ್ಲಿ ಏಕಕಾಲಕ್ಕೆ ನಡೆಯುವ ಕಾರ್ಯಗಳ ಸಂಖ್ಯೆಯನ್ನು ಮಿತಿಗೊಳಿಸಲು ಬಳಸುವ ಒಂದು ರಚನೆಯಾಗಿದೆ. ಮೂಲತಃ ಇದೊಂದು ಪೂರ್ಣಾಂಕ. ಕಾರ್ಯವೊಂದು ಆರಂಭಕ್ಕೆ ಮುನ್ನ ಪರವಾನಗಿ ಪಡೆದಾಗ ಎಣಿಕೆ ಒಂದು ಇಳಿಯುತ್ತದೆ. ಅದನ್ನು ಮರಳಿಸಿದಾಗ ಒಂದು ಏರುತ್ತದೆ. ಎಣಿಕೆ ಸೊನ್ನೆಯಾಗಿದ್ದರೆ ಮುಂದಿನ ಕಾರ್ಯವು ಕಾಯಬೇಕು.

ಇತಿಹಾಸ

ಈ ಪರಿಕಲ್ಪನೆಯನ್ನು ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದ ಮೊದಲ ಭಾಗದಲ್ಲಿ ಮಂಡಿಸಿದರು. ರೈಲು ಮಾರ್ಗದ ಕೈಮರದಿಂದ ಹೆಸರು ಬಂದಿದೆ. ಇದರ ಎರಡು ಕ್ರಿಯೆಗಳನ್ನು ಅವರು ‘ಪಿ’ ಮತ್ತು ‘ವಿ’ ಎಂದು ಕರೆದರು.

ಅಸಮಕಾಲಿಕ ಪ್ರೋಗ್ರಾಮಿಂಗ್‌ನಲ್ಲಿ ಬಳಕೆ

ಪೈಥಾನ್‌ನ ಅಸಿಂಕ್‌ಐಒ ಲೈಬ್ರರಿಯಲ್ಲಿ 10,000 ಜಾಲಪುಟಗಳನ್ನು ತರುವ ಕಾರ್ಯಗಳನ್ನು ‘ಗ್ಯಾದರ್’ ಫಂಕ್ಷನ್‌ಗೆ ಕೊಟ್ಟರೆ, ಅವೆಲ್ಲವೂ ಒಟ್ಟಿಗೆ ಹೊರಡುತ್ತವೆ. ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದು ಪ್ರೋಗ್ರಾಂ ತೆರೆದಿಡಬಹುದಾದ ಕಡತ ಹಾಗೂ ಸಾಕೆಟ್‌ಗಳ ಪೂರ್ವನಿಯೋಜಿತ ಮಿತಿ 1,024. ಆ ಮಿತಿ ಮುಟ್ಟಿದರೆ ದೋಷಗಳು ಆರಂಭವಾಗುತ್ತವೆ. ಎದುರಿನ ಸರ್ವರ್ ಅದಕ್ಕೂ ಮೊದಲೇ ಕುಸಿಯಬಹುದು. 10 ಪರವಾನಗಿಗಳ ಸೆಮಫೋರ್ ಇಟ್ಟರೆ ಹತ್ತು ಕೋರಿಕೆಗಳು ಮಾತ್ರ ಚಾಲ್ತಿಯಲ್ಲಿದ್ದು, ಒಂದು ಮುಗಿದಂತೆ ಇನ್ನೊಂದು ಒಳಬರುತ್ತದೆ. ಹತ್ತು ಹತ್ತರ ತಂಡಗಳಾಗಿ ಕಳುಹಿಸುವುದಕ್ಕಿಂತ ಇದು ಉತ್ತಮ. ತಂಡದಲ್ಲಿ ಉಳಿದ ಒಂಬತ್ತೂ ಅತಿ ನಿಧಾನವಾದ ಒಂದಕ್ಕಾಗಿ ಕಾಯಬೇಕಾಗುತ್ತದೆ.

ಗೋ ಭಾಷೆಯಲ್ಲಿ ನಿಗದಿತ ಗಾತ್ರದ ಚಾನೆಲ್ ಇದೇ ಕೆಲಸ ಮಾಡುತ್ತದೆ. ಜಾವಾಸ್ಕ್ರಿಪ್ಟ್‌ನ ‘ಪ್ರಾಮಿಸ್.ಆಲ್’ ಯಾವ ಮಿತಿಯನ್ನೂ ಹೇರುವುದಿಲ್ಲ. ಅಲ್ಲಿ ಪಿ-ಲಿಮಿಟ್‌ನಂತಹ ಲೈಬ್ರರಿಗಳು ಬಳಕೆಯಲ್ಲಿವೆ.

ಇತಿಮಿತಿಗಳು

ಸೆಮಫೋರನ್ನು ವೇಗಮಿತಿಯೆಂದು ಭಾವಿಸುವುದು ಸಾಮಾನ್ಯ ತಪ್ಪು. 10 ಪರವಾನಗಿಗಳಿದ್ದು ಪ್ರತಿ ಕೋರಿಕೆಗೆ 0.2 ಸೆಕೆಂಡ್ ಹಿಡಿದರೆ ಸೆಕೆಂಡಿಗೆ ಸುಮಾರು 50 ಕೋರಿಕೆಗಳು ಹೋಗುತ್ತವೆ. ಸರ್ವರ್ ಚುರುಕಾಗಿ 0.05 ಸೆಕೆಂಡಿನಲ್ಲಿ ಉತ್ತರಿಸಿದರೆ ಅದೇ ಕೋಡ್ 200 ಕೋರಿಕೆಗಳನ್ನು ಕಳುಹಿಸುತ್ತದೆ. ‘ಸೆಕೆಂಡಿಗೆ ಇಷ್ಟೇ’ ಎಂಬ ನಿಯಮವಿರುವಲ್ಲಿ ಬೇರೆ ವಿಧಾನ ಬೇಕು.

ಮಿತಿಯು ಓಡುವ ಕಾರ್ಯಗಳಿಗೇ ಹೊರತು ಸೃಷ್ಟಿಯಾದವುಗಳಿಗಲ್ಲ. ಒಂದು ಲಕ್ಷ ಕಾರ್ಯಗಳನ್ನು ಸೃಷ್ಟಿಸಿ ಸಾಲಿನಲ್ಲಿ ನಿಲ್ಲಿಸಿದರೆ ಅವೆಲ್ಲವೂ ಸ್ಮೃತಿಯನ್ನು ಆಕ್ರಮಿಸುತ್ತವೆ. ಅಂತಹ ಸಂದರ್ಭದಲ್ಲಿ ಮಿತಗಾತ್ರದ ಸರತಿಯೊಂದನ್ನು ಕೆಲವೇ ಕಾರ್ಯನಿರ್ವಾಹಕಗಳು ಖಾಲಿ ಮಾಡುವ ವಿನ್ಯಾಸ ಸೂಕ್ತ.

ದೋಷ ಸಂಭವಿಸಿದಾಗಲೂ ಪರವಾನಗಿ ಮರಳಬೇಕು. ಇಲ್ಲವಾದರೆ ಎಣಿಕೆ ಕ್ರಮೇಣ ಕರಗಿ, ಪ್ರೋಗ್ರಾಂ ಸದ್ದಿಲ್ಲದೆ ನಿಂತುಹೋಗುತ್ತದೆ. ಪೈಥಾನ್‌ನ ‘ಅಸಿಂಕ್ ವಿತ್’ ಇದನ್ನು ತಾನೇ ನೋಡಿಕೊಳ್ಳುತ್ತದೆ. ಪರವಾನಗಿ ಹಿಡಿದ ಕಾರ್ಯವು ಅದೇ ಸೆಮಫೋರ್‌ಗಾಗಿ ಕಾಯುವ ಮತ್ತೊಂದು ಕಾರ್ಯದ ಮೇಲೆ ಅವಲಂಬಿತವಾದರೆ ಉಂಟಾಗುವ ಪರಸ್ಪರ ತಡೆಯನ್ನು ಮಾತ್ರ ಅದು ತಪ್ಪಿಸಲಾರದು.