ಅರಮನೆಯ ಒಳಸಂಚು: ಕನ್ನಡ ಐತಿಹಾಸಿಕ ಕಾದಂಬರಿಯಲ್ಲಿ

ಕನ್ನಡದಲ್ಲಿ ಗದ್ಯಕಥನದ ಹೊಸ ದಾರಿ ತೆರೆದದ್ದೇ ಒಂದು ಒಳಸಂಚಿನ ಕಥೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ಬರೆದ ‘ಮುದ್ರಾಮಂಜೂಷ’ಕ್ಕೆ ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ ಮುಖ್ಯ ಆಧಾರ. ನಂದರು ಅಳಿದು ಚಂದ್ರಗುಪ್ತನಿಗೆ ಪಟ್ಟವಾಗುತ್ತದೆ. ನಂದರ ಅಮಾತ್ಯ ರಾಕ್ಷಸನನ್ನು ಹೊಸ ದೊರೆಯ ಕಡೆಗೆ ಎಳೆಯಲು ಚಾಣಕ್ಯ ಹೂಡುವ ತಂತ್ರದಲ್ಲಿ ಒಂದು ಮುದ್ರೆಯುಂಗುರವೇ ಅಸ್ತ್ರ. ಸಿಂಹಾಸನದ ಮೇಲೆ ಕೂತವನು ಇಲ್ಲಿ ನೆಪಮಾತ್ರ, ಕಥೆಯೆಲ್ಲ ಮಂತ್ರಿಗಳದು.

ಮುಂದೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನೂ ಗಳಗನಾಥರು ಮರಾಠಿಯಿಂದ ಹರಿ ನಾರಾಯಣ ಆಪಟೆಯವರನ್ನೂ ಕನ್ನಡಕ್ಕೆ ತಂದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು ಓದುಗರನ್ನೂ ಬೆಳೆಸಿದರು.

ಈ ಪರಂಪರೆಯ ತುದಿಯಲ್ಲಿ ನಿಲ್ಲುವ ಕೃತಿ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956). ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದ. ತಂಗಿ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸಪ್ಪನೂ ಜೀವಭಯದಿಂದ 1832ರಲ್ಲಿ ಓಡಿಹೋಗಿ ಇಂಗ್ಲಿಷರ ಮರೆಹೊಕ್ಕರು. 1834ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಕರ್ನಲ್ ಫ್ರೇಸರ್ ಸೇನೆಯೊಂದಿಗೆ ರಾಜಧಾನಿ ಮಡಿಕೇರಿಗೆ ಬಂದ. ಇಷ್ಟು ಚರಿತ್ರೆ. ಮಾಸ್ತಿ ಯುದ್ಧದ ಅಬ್ಬರಕ್ಕೆ ಹೆಚ್ಚು ಪುಟ ಕೊಡುವುದಿಲ್ಲ. ಅವರ ಗಮನವೆಲ್ಲ ಅರಸನ ಸುತ್ತ ನಿಂತವರ ಮೇಲೆ. ಚಾಕರಿಯಿಂದ ಮಂತ್ರಿಪದವಿಗೇರಿದ ಕುಂಟ ಬಸವ ಒಂದು ಕಡೆ, ಅವನನ್ನು ಸಹಿಸದ ಮಂತ್ರಿ ಬೋಪಣ್ಣ ಮತ್ತೊಂದು ಕಡೆ, ಎಲ್ಲವನ್ನೂ ನುಂಗಿಕೊಂಡು ಮರ್ಯಾದೆ ಕಾಯುವ ರಾಣಿ ಗೌರಮ್ಮ ನಡುವೆ. ಬೋಪಣ್ಣ ಇಂಗ್ಲಿಷರ ಕಡೆಗೆ ವಾಲುವಾಗ ಅವನನ್ನು ದ್ರೋಹಿ ಎನ್ನಲು ಓದುಗನಿಗೆ ಬಾಯಿ ಬರುವುದಿಲ್ಲ. ಕಾದಂಬರಿಯ ಹೆಚ್ಚುಗಾರಿಕೆ ಅಲ್ಲಿದೆ.

ನಿಜವಾದ ಅರಸನ ಉಳಿದ ಬಾಳು ಕಟ್ಟುಕಥೆಗಿಂತ ವಿಚಿತ್ರ. ರಾಜ್ಯ ಕಳೆದುಕೊಂಡ ಮೇಲೆ ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು, 1852ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದ. ಅಲ್ಲಿ ಮಗಳು ಗೌರಮ್ಮನ ದೀಕ್ಷಾಸ್ನಾನಕ್ಕೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಅರಸ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಾಸ್ತಿಯವರಿಗೆ 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದದ್ದು ‘ಚಿಕವೀರ ರಾಜೇಂದ್ರ’ಕ್ಕೆ.

ಚಿತ್ರದುರ್ಗವನ್ನು ತ.ರಾ.ಸು. ತಮ್ಮದಾಗಿಸಿಕೊಂಡರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಅರಸರನ್ನು ಏರಿಸಿ ಇಳಿಸುವವನು ದಳವಾಯಿ ಮುದ್ದಣ್ಣ. ಮಾತು ಕೆಲವೊಮ್ಮೆ ನಾಟಕದ ಗತ್ತಿಗೆ ಏರಿದರೂ ಓದುಗನನ್ನು ಬಿಡದೆ ಎಳೆದೊಯ್ಯುವ ಬಿಗಿ ಅವಕ್ಕಿದೆ. 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದ ಕಥೆ ಹೇಳುವ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1985ರಲ್ಲಿ ಬಂತು. ತ.ರಾ.ಸು. ಹಿಂದಿನ ವರ್ಷವೇ ತೀರಿಕೊಂಡಿದ್ದರು.