ಮೊದಲ ಸುತ್ತಿಗೆ ಆರು

ಮೈಸೂರಿನ ಅನೇಕ ಹಳೆಯ ಮನೆಗಳಲ್ಲಿ ಕ್ರೋಷಾ ಕೆಲಸದ ಒಂದಲ್ಲ ಒಂದು ವಸ್ತು ಕಣ್ಣಿಗೆ ಬೀಳುತ್ತದೆ. ಹಾಲಿನ ಪಾತ್ರೆಗೆ ಮುಚ್ಚುವ, ಅಂಚಿಗೆ ಮಣಿ ಪೋಣಿಸಿದ ದುಂಡು ಜಾಲರಿ, ಮೇಜಿನ ಹಾಸು, ಬಾಗಿಲ ತೋರಣ, ಮಗುವಿನ ಟೋಪಿ. ಈಚೆಗೆ ಸೀರೆಯ ಸೆರಗಿಗೆ ಹಾಕುವ ಕುಚ್ಚಿನಲ್ಲೂ ಅದೇ ಕಡ್ಡಿಯ ಕೈವಾಡವಿದೆ. ಇವುಗಳಲ್ಲಿ ಚೌಕನಾದದ್ದು ಒಂದು ಅಂಚಿನಿಂದ ಆರಂಭವಾಗುತ್ತದೆ. ದುಂಡನೆಯದು ನಡುವಿನಿಂದ ಆರಂಭವಾಗಿ ಸುತ್ತುಸುತ್ತಾಗಿ ಹೊರಕ್ಕೆ ಬೆಳೆಯುತ್ತದೆ. ಆ ನಡುವಿನಲ್ಲಿ ಎಷ್ಟು ಹೆಣಿಗೆ ಹಾಕಬೇಕು? ಚೆನ್ನಾಗಿ ಪಳಗಿದವರನ್ನು ಕೇಳಿದರೆ, "ಗಿಡ್ಡ ಹೆಣಿಗೆಯಾದರೆ ಆರು" ಎನ್ನುತ್ತಾರೆ. ಐದೂ ಅಲ್ಲ, ಎಂಟೂ ಅಲ್ಲ, ಆರೇ ಏಕೆ? ಈ ಸಣ್ಣ ಪ್ರಶ್ನೆಯ ಹಿಂದೆ ಸ್ವಾರಸ್ಯವಾದ ಚರಿತ್ರೆಯೊಂದು ಅಡಗಿದೆ.

ಕ್ರೋಷಾ ಎಂಬುದು ಫ್ರೆಂಚ್ ಮೂಲದ ಪದ. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ಎರಡು ಕಡ್ಡಿಗಳಲ್ಲಿ ಸ್ವೆಟರ್ ಹೆಣೆಯುವಾಗ ಹತ್ತಾರು ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲಿರುತ್ತವೆ. ಕ್ರೋಷಾದಲ್ಲಿ ಸಾಮಾನ್ಯವಾಗಿ ಒಂದು ಹೆಣಿಗೆ ಮುಗಿದಾಗ ಕೊಕ್ಕೆಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಆದ್ದರಿಂದ ಕೆಲಸವನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ದುಂಡು ಆಕಾರ ಇದಕ್ಕೆ ಸಹಜವಾಗಿ ಒಗ್ಗುವುದು ಇದೇ ಕಾರಣದಿಂದ.

ಇಂದು ಮೈಸೂರಿನಲ್ಲಿ ರವಿಕೆಗೆ ಆರಿ ವರ್ಕ್ ಮಾಡಿಸುವುದುಂಟಷ್ಟೆ. ಅದರಲ್ಲಿ ಬಿಗಿಯಾಗಿ ಕಟ್ಟಿದ ಬಟ್ಟೆಯೊಳಗೆ ಕೊಕ್ಕೆ ಚುಚ್ಚಿ, ದಾರವನ್ನು ಸರಪಣಿಯಾಗಿ ಎಳೆಯುತ್ತಾರೆ. ಕಛ್‌ನ ಮೋಚಿ ಕುಶಲಕರ್ಮಿಗಳು ಈ ಕೊಕ್ಕೆಗೆ ಹೆಸರಾದವರು. ಪೂರ್ವದೇಶಗಳ ಈ ಕಸೂತಿ 18ನೆಯ ಶತಮಾನದಲ್ಲಿ ಯುರೋಪಿನಲ್ಲಿ ಹರಡಿತು. ಮುಂದೆ ಬಟ್ಟೆಯನ್ನೇ ಬಿಟ್ಟು ಬರೀ ದಾರದಲ್ಲಿ ಸರಪಣಿ ಎಳೆದಾಗ ಕ್ರೋಷಾ ಹುಟ್ಟಿತೆಂಬುದು ಕೆಲವು ಇತಿಹಾಸಕಾರರ ಊಹೆ. ಊಹೆಯನ್ನು ಬದಿಗಿಟ್ಟು ಅಚ್ಚಾದ ದಾಖಲೆಯನ್ನೇ ನೋಡುವುದಾದರೆ, ಕ್ರೋಷಾ ಎಂದೇ ಹೆಸರಿಸಿ ಹೆಣೆಯುವ ಕ್ರಮವನ್ನು ತಿಳಿಸಿದ ಮೊದಲ ಪ್ರಕಟಣೆ 'ಪೆನೆಲೊಪೆ' ಎಂಬ ಡಚ್ ಪತ್ರಿಕೆಯದು. ವರ್ಷ 1823. ಅದರಲ್ಲಿ ಹೆಣೆಯಲು ಹೇಳಿದ್ದು ರೇಷ್ಮೆ ದಾರದ ಹಣದ ಚೀಲಗಳನ್ನು. ಈ ವರ್ಷವನ್ನು ನೆನಪಿಡಿ. ಮುಂದೆ ಅದು ಬೇರೊಂದು ಕಡೆಯಿಂದ ಬಂದು ನಮ್ಮನ್ನು ಸೇರುತ್ತದೆ.

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಘೋರ ಕ್ಷಾಮ ಬಂತು. ಆಗ ಸಾವಿರಾರು ಬಡ ಕುಟುಂಬಗಳಿಗೆ ಕ್ರೋಷಾ ಲೇಸ್ ಅನ್ನದ ದಾರಿಯಾಯಿತು. ದುಂಡನೆಯ ಹೂಗಳನ್ನು ಬಿಡಿಬಿಡಿಯಾಗಿ ಹೆಣೆದು ಆಮೇಲೆ ಜೋಡಿಸುವುದು ಅಲ್ಲಿನ ಪದ್ಧತಿ. ಅದೇ ಶತಮಾನದಲ್ಲಿ ಮಿಷನರಿಗಳು ಲೇಸ್ ಕೆಲಸವನ್ನು ದಕ್ಷಿಣ ಭಾರತಕ್ಕೂ ತಂದರು. ಗೋದಾವರಿ ನದೀಮುಖಜ ಪ್ರದೇಶದ ನರಸಾಪುರದಲ್ಲಿ ಅದು ದೊಡ್ಡ ಗೃಹಕೈಗಾರಿಕೆಯಾಗಿ ಬೆಳೆಯಿತು. ಸೂಜಿ ಕೆಲಸವಂತೂ ಹೆಣ್ಣುಮಕ್ಕಳ ಶಾಲೆಗಳ ಪಾಠಗಳಲ್ಲಿ ಒಂದಾಯಿತು.

ನಮ್ಮ ಮೈಸೂರಿನ ವಿಷಯಕ್ಕೆ ಬರೋಣ. 1881ರಲ್ಲಿ ಸಂಸ್ಥಾನದ ಆಡಳಿತ ಒಡೆಯರ ಕೈಗೆ ಮರಳಿತು. ಅದೇ ವರ್ಷ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಇಂದಿನ ಮಹಾರಾಣಿ ಕಾಲೇಜುಗಳ ಬೇರು ಅಲ್ಲಿದೆ. ಮರುವರ್ಷ, 1882ರಲ್ಲಿ, ಬ್ರಿಟಿಷ್ ಭಾರತಕ್ಕೆಂದು ನೇಮಕವಾದ ಹಂಟರ್ ಶಿಕ್ಷಣ ಆಯೋಗ ಒಂದು ಮಾತು ಹೇಳಿತು: ಪ್ರಾಥಮಿಕ ಹಂತದಲ್ಲಿ ಹುಡುಗಿಯರ ಪಾಠಕ್ರಮ ಹುಡುಗರದ್ದಕ್ಕಿಂತ ಸುಲಭವಾಗಿರಬೇಕು, ಮನೆವಾರ್ತೆಗೆ ಹೊಂದುವಂತಿರಬೇಕು. ಆಯೋಗದ ಉದ್ದೇಶ ಸ್ತ್ರೀಶಿಕ್ಷಣವನ್ನು ಹರಡುವುದೇ ಆಗಿತ್ತು. ಆದರೂ ಆ ಕಾಲದ ಧೋರಣೆ ಈ ಮಾತಿನಲ್ಲಿ ಸ್ಪಷ್ಟವಾಗಿದೆ. ರೇಖಾಗಣಿತ ಒಂದು ಕಡೆ, ಸೂಜಿ ದಾರ ಇನ್ನೊಂದು ಕಡೆ. ಒಂದು ಬುದ್ಧಿಯ ಕೆಲಸ, ಇನ್ನೊಂದು ಬರೀ ಕೈಯ ಕೆಲಸ.

ಈ ವಿಂಗಡಣೆ ಸರಿಯೇ? ಕ್ರೋಷಾದ ನಡುವನ್ನೇ ಪರೀಕ್ಷಿಸಿ ನೋಡೋಣ.

ದುಂಡು ಕೆಲಸವನ್ನು ಆರಂಭಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದರಲ್ಲಿ ನಾಲ್ಕಾರು ಕುಣಿಕೆಗಳ ಸರಪಣಿ ಹಾಕಿ, ಅದರ ತುದಿಯನ್ನು ಬುಡಕ್ಕೆ ಸೇರಿಸುತ್ತಾರೆ. ನೀರಿನ ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬಿಯಂತೆ ಒಂದು ಬಳೆಯಾಗುತ್ತದೆ. ಹೆಣಿಗೆಯನ್ನು ಈ ಬಳೆಯೊಳಕ್ಕೆ ಹಾಕಬೇಕು. ನಡುವೆ ತೂತು ಉಳಿಯುತ್ತದೆ. ಜಾಲರಿಗೆ ಅದೇ ಚೆಂದ. ಎರಡನೆಯದು ಎರಡೇ ಕುಣಿಕೆ ಹಾಕಿ, ಮೊದಲ ಕುಣಿಕೆಯಲ್ಲೇ ಆರೂ ಹೆಣಿಗೆಗಳನ್ನು ತುಂಬುವುದು. ಕಲಿಯುವವರಿಗೆ ಇದು ಸುಲಭ. ಮೂರನೆಯದು ಜೀರುಗುಣಿಕೆಯ ದಾರಿ. ದಾರವನ್ನು ಬೆರಳಿಗೆ ಸುತ್ತಿ, ಆ ಸುತ್ತಿನೊಳಗೆ ಹೆಣಿಗೆ ಹಾಕಿ, ಕೊನೆಗೆ ದಾರದ ತುದಿಯನ್ನು ಎಳೆದರೆ ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಒಳಗೆ ಹತ್ತಿ ತುಂಬುವ ಗೊಂಬೆಗಳಿಗೆ ಇದೇ ಸರಿ. ಜಪಾನಿನ ಅಮಿಗುರುಮಿ ಗೊಂಬೆಗಳು ಸಾಮಾನ್ಯವಾಗಿ ಆರಂಭವಾಗುವುದು ಹೀಗೆಯೇ.

ಯಾವ ದಾರಿಯಾದರೂ ಗಿಡ್ಡ ಹೆಣಿಗೆಯಲ್ಲಿ ಮೊದಲ ಸುತ್ತಿಗೆ ಆರು. ಎರಡನೆಯ ಸುತ್ತಿನಲ್ಲಿ ಒಂದೊಂದರ ಮೇಲೂ ಎರಡೆರಡು ಹಾಕಿದರೆ 12. ಮೂರನೆಯದರಲ್ಲಿ ಒಂದು ಬಿಟ್ಟು ಒಂದಕ್ಕೆ ಎರಡು ಹಾಕಿದರೆ 18. ನಾಲ್ಕನೆಯದರಲ್ಲಿ 24. ಪ್ರತಿ ಸುತ್ತಿಗೂ ಆರು ಹೆಚ್ಚುತ್ತದೆ.

ಕಾರಣ ನಿಮ್ಮ ಗಣಿತ ಪುಸ್ತಕದಲ್ಲೇ ಇದೆ. ವೃತ್ತದ ಪರಿಧಿ ಎಂದರೆ 2 × ಪೈ × ತ್ರಿಜ್ಯ. ಗಿಡ್ಡ ಹೆಣಿಗೆಯ ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ. ಅದನ್ನು ಒಂದು ಮಾನ ಎನ್ನೋಣ. ಒಂದು ಸುತ್ತು ಮುಗಿದಾಗ ತ್ರಿಜ್ಯ ಒಂದು ಮಾನ ಹೆಚ್ಚುತ್ತದೆ. ಆಗ ಪರಿಧಿ 2 × 3.14, ಅಂದರೆ 6.28 ಮಾನ ಹೆಚ್ಚಬೇಕು. 0.28 ಹೆಣಿಗೆ ಹಾಕಲು ಬರುವುದಿಲ್ಲ. ದಾರ ತುಸು ಹಿಗ್ಗಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಉದ್ದನೆಯ ಕಂಬದ ಹೆಣಿಗೆಯ ಎತ್ತರ ಸುಮಾರು ಎರಡರಷ್ಟು. ಆದ್ದರಿಂದ ಅದಕ್ಕೆ ಆರರ ಬದಲು 12.

ಲೆಕ್ಕ ತಪ್ಪಿದರೆ ಏನಾಗುತ್ತದೆ? ಪ್ರತಿ ಸುತ್ತಿಗೆ ಆರಕ್ಕಿಂತ ಕಡಮೆ ಹೆಚ್ಚಿಸಿದರೆ ಅಂಚು ಸಾಲದೆ ಒಳಕ್ಕೆ ಬಾಗಿ ಬಟ್ಟಲಾಗುತ್ತದೆ. ಟೋಪಿ ಹೆಣೆಯುವವರು ಬೇಕೆಂದೇ ಹಾಗೆ ಮಾಡುತ್ತಾರೆ. ಹೆಚ್ಚಿಸುವುದನ್ನು ಪೂರ್ತಿ ನಿಲ್ಲಿಸಿದರೆ ಕೊಳವೆಯಾಗುತ್ತದೆ. ಆರಕ್ಕಿಂತ ಜಾಸ್ತಿ ಹೆಚ್ಚಿಸುತ್ತ ಹೋದರೆ ಅಂಚಿಗೆ ಜಾಗ ಸಾಲದೆ ಕೋಳಿಜುಟ್ಟಿನ ಹೂವಿನಂತೆ ನಿರಿನಿರಿಯಾಗುತ್ತದೆ.

ಈಗ 1823ಕ್ಕೆ ಹಿಂತಿರುಗೋಣ. ಡಚ್ ಪತ್ರಿಕೆ ಹಣದ ಚೀಲ ಹೆಣೆಯುವುದನ್ನು ಕಲಿಸಿದ ಅದೇ ವರ್ಷ, ಹಂಗರಿಯ ತರುಣ ಯಾನೋಶ್ ಬೊಯಾಯಿ ತನ್ನ ತಂದೆಗೆ ಪತ್ರ ಬರೆದು, ಯೂಕ್ಲಿಡನ ಸಮಾಂತರ ರೇಖೆಗಳ ನಿಯಮವನ್ನು ಬಿಟ್ಟೂ ಹೊಸದೊಂದು ರೇಖಾಗಣಿತ ಸಾಧ್ಯವೆಂದು ತಿಳಿಸಿದ. 1829ರಲ್ಲಿ ರಷ್ಯದ ಲೊಬಚೆವ್‌ಸ್ಕಿ ಅಂಥದೇ ಗಣಿತವನ್ನು ಪ್ರಕಟಿಸಿದ. ಈ ಹೊಸ ಸಮತಲದಲ್ಲಿ ತ್ರಿಜ್ಯ ಹೆಚ್ಚಿದಂತೆ ಪರಿಧಿ ನಮ್ಮ ಸೂತ್ರಕ್ಕಿಂತ ವೇಗವಾಗಿ ಹಿಗ್ಗುತ್ತದೆ. ಕಾಗದದಲ್ಲಿ ಇದರ ಮಾದರಿ ಮಾಡಿದರೆ ಹರಿದುಹೋಗುತ್ತಿತ್ತು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ, ಲಾಟ್ವಿಯ ಮೂಲದ ಗಣಿತಜ್ಞೆ ಡೈನಾ ತೈಮಿನಾ ಕ್ರೋಷಾ ಕಡ್ಡಿ ಹಿಡಿದು, ಒಂದೇ ಪ್ರಮಾಣದಲ್ಲಿ ಹೆಣಿಗೆ ಹೆಚ್ಚಿಸುತ್ತ ಹೋದರು. ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಿಸಿ ನೋಡಬಹುದಾದ ಗಟ್ಟಿಮುಟ್ಟಾದ ಮಾದರಿ ಸಿದ್ಧವಾಯಿತು. ಕೋಳಿಜುಟ್ಟಿನಂಥ ಆ ನಿರಿಗೆಯೇ ಬೊಯಾಯಿಯ ಸಮತಲದ ರೂಪ.

ಒಂದೇ ವರ್ಷ ದಾಖಲೆಗೆ ಬಂದ ಎರಡು ವಿದ್ಯೆಗಳು ಹೀಗೆ ಭೇಟಿಯಾಗಲು 174 ವರ್ಷ ಬೇಕಾಯಿತು. ಇದಕ್ಕೆ ಕಾರಣ ಹಲವಿರಬಹುದು. ಗಣಿತ ಬಲ್ಲ ಕೈಗೆ ಕೊಕ್ಕೆಯನ್ನೂ ಕೊಕ್ಕೆ ಹಿಡಿದ ಕೈಗೆ ಗಣಿತವನ್ನೂ ಕೊಡದ ಪದ್ಧತಿ ಅವುಗಳಲ್ಲಿ ಒಂದೆಂದು ನನಗೆ ಅನಿಸುತ್ತದೆ. ಇದರ ಬೆಲೆಯನ್ನು ಕೂಲಿಯ ರೂಪದಲ್ಲೂ ತೆರಬೇಕಾಯಿತು. ಜರ್ಮನಿಯ ಸಮಾಜವಿಜ್ಞಾನಿ ಮಾರಿಯಾ ಮೀಸ್ ನರಸಾಪುರದ ಲೇಸ್ ಕೆಲಸಗಾರ್ತಿಯರನ್ನು ಕುರಿತು 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ದಿನಕ್ಕೆ ಹಲವು ಗಂಟೆ ದುಡಿದು ವಿದೇಶಗಳಿಗೆ ಸರಕು ಒದಗಿಸುತ್ತಿದ್ದ ಹೆಂಗಸರನ್ನು 'ಗೃಹಿಣಿಯರು' ಎಂದು ಕರೆದು, ಅವರ ದುಡಿಮೆಯನ್ನು 'ಬಿಡುವಿನ ವೇಳೆಯ ಕೆಲಸ' ಎಂದು ಎಣಿಸಿದ್ದರಿಂದಲೇ ಅವರಿಗೆ ಅತ್ಯಲ್ಪ ಕೂಲಿ ಸಿಗುತ್ತಿತ್ತೆಂದು ಅವರು ತೋರಿಸಿದರು. ಮನೆಯಲ್ಲಿ ಕುಳಿತು ಸೆರಗಿಗೆ ಕುಚ್ಚು ಹಾಕುವವರ ಕೆಲಸವನ್ನು ನಾವು ಏನೆಂದು ಎಣಿಸುತ್ತಿದ್ದೇವೆ? ಯೋಚಿಸಬೇಕಾದ ವಿಷಯ.

ವಿದ್ಯಾರ್ಥಿ ಮಿತ್ರರೇ, ಒಂದು ಉಂಡೆ ಉಲ್ಲನ್, ಒಂದು ಕಡ್ಡಿ ಇದ್ದರೆ ಈ ಪ್ರಯೋಗವನ್ನು ನೀವೇ ಮಾಡಬಹುದು. ಹುಡುಗರೂ ಮಾಡಿ. ಸುತ್ತಿಗೆ ಆರರಂತೆ, ಮೂರರಂತೆ, ಹನ್ನೆರಡರಂತೆ ಹೆಚ್ಚಿಸುತ್ತ ಮೂರು ತುಂಡುಗಳನ್ನು ಹೆಣೆದು ಮೇಜಿನ ಮೇಲಿಡಿ. ಒಂದು ಚಪ್ಪಟೆಯಾಗಿ ಕೂರುತ್ತದೆ, ಒಂದು ಬಟ್ಟಲಾಗುತ್ತದೆ, ಒಂದು ನಿರಿಗೆಗಟ್ಟುತ್ತದೆ. ಕಡ್ಡಿ ಹಿಡಿಯಲು ಬಾರದಿದ್ದರೆ ಮನೆಯಲ್ಲಿ ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ. ಮೊದಲ ಸುತ್ತಿಗೆ ಎಷ್ಟು ಹಾಕುತ್ತಾರೆ, ಅದನ್ನು ಯಾರಿಂದ ಕಲಿತರು ಎಂದು ವಿಚಾರಿಸಿ, ಅವರ ಹೆಸರಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೈಸೂರಿನ ಕ್ರೋಷಾ ಚರಿತ್ರೆಗೆ ಬೇಕಾದ ದಾಖಲೆಗಳು ಸಿಗುವುದು ಅಲ್ಲಿಯೇ.